ಕೊಡಗಿನಲ್ಲಿ ಕೋರ್ಫ್‌ಬಾಲ್ ತಂಡ ಕಟ್ಟುವುದು ಹೇಗೆ? ಬುಟ್ಟಿ ಹೆಣೆಸುವುದರಿಂದ ಮೊದಲ ಪಂದ್ಯದವರೆಗೆ

ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಆಡುವ ಚೆಂಡಾಟ ಬೇಕು ಅಂತ ಕೋರ್ಫ್‌ಬಾಲ್ ಶುರು ಮಾಡಿದವರು ಹೆಚ್ಚಿನ ಕಡೆ ಒಂದೇ ಜಾಗದಲ್ಲಿ ಎಡವುತ್ತಾರೆ. ಕಂಬ ನೆಡುತ್ತಾರೆ, ಬುಟ್ಟಿ ಕಟ್ಟುತ್ತಾರೆ, ಚೆಂಡು ಕೊಟ್ಟು ಸೀಟಿ ಊದುತ್ತಾರೆ. ಹತ್ತು ನಿಮಿಷಕ್ಕೆ ಅದು ಬ್ಯಾಸ್ಕೆಟ್‌ಬಾಲ್ ಆಗಿಬಿಡುತ್ತದೆ. ಎತ್ತರದ ಇಬ್ಬರು ಹುಡುಗರು ಬುಟ್ಟಿಯ ಕೆಳಗೆ ನಿಂತು ಎಲ್ಲ ಚೆಂಡು ಹಿಡಿಯುತ್ತಾರೆ. ಹುಡುಗಿಯರು ಬದಿಗೆ ನಿಂತು ನೋಡುತ್ತಾರೆ. ಕೆಲವು ದಿನಗಳಲ್ಲಿ ಅವರು ಬರುವುದೇ ನಿಲ್ಲುತ್ತದೆ.

ಮಕ್ಕಳಲ್ಲಿ ದೋಷ ಇಲ್ಲ. ಕಲಿಸುವ ಕ್ರಮ ತಲೆಕೆಳಗಾಗಿರುತ್ತದೆ. ಬುಟ್ಟಿಗೆ ಎಸೆಯುವುದನ್ನು ಮೊದಲು ಕಲಿಸಿದರೆ ಈ ಆಟ ಉಳಿಯುವುದಿಲ್ಲ. ಕಾಲು ಮೊದಲು, ಜೋಡಿ ಆಮೇಲೆ, ಬುಟ್ಟಿ ಕೊನೆಗೆ. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿದೆ. ದಯವಿಟ್ಟು ಹಂತ ಹಾರಿಸಬೇಡಿ.

## ಶುರುವಿಗೆ ಮುಂಚೆ: ಆಟದ ಚೌಕಟ್ಟು

ಒಂದು ತಂಡದಲ್ಲಿ 8 ಜನ. 4 ಹುಡುಗರು, 4 ಹುಡುಗಿಯರು. ಅಂಗಣ 40 ಮೀಟರ್ ಉದ್ದ, 20 ಮೀಟರ್ ಅಗಲ. ನಡುವೆ ಗೆರೆ ಎಳೆದರೆ ಎರಡು ವಲಯ. ಪ್ರತಿ ತಂಡದ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಒಂದು ವಲಯದಲ್ಲಿ ಅಟ್ಯಾಕ್ ಮಾಡುತ್ತಾರೆ. ಉಳಿದ ನಾಲ್ವರು ಇನ್ನೊಂದು ವಲಯದಲ್ಲಿ ಡಿಫೆನ್ಸ್. ಯಾರೂ ನಡುಗೆರೆ ದಾಟುವಂತಿಲ್ಲ. ಎರಡು ಗೋಲು ಆದ ಮೇಲೆ ಎಲ್ಲರೂ ವಲಯ ಬದಲಿಸುತ್ತಾರೆ. ಅಟ್ಯಾಕ್ ಮಾಡುತ್ತಿದ್ದವರು ಡಿಫೆನ್ಸ್‌ಗೆ, ಡಿಫೆನ್ಸ್‌ನವರು ಅಟ್ಯಾಕ್‌ಗೆ.

ಬುಟ್ಟಿಯ ಮೇಲಂಚು ನೆಲದಿಂದ 3.5 ಮೀಟರ್ ಎತ್ತರದಲ್ಲಿರುತ್ತದೆ. ಬ್ಯಾಸ್ಕೆಟ್‌ಬಾಲ್ ಬಳೆಗಿಂತ 45 ಸೆಂಟಿಮೀಟರ್ ಜಾಸ್ತಿ. ಹಿಂದೆ ಹಲಗೆ ಇಲ್ಲ. ಎಲ್ಲಿಂದ ಹಾಕಿದರೂ ಗೋಲಿಗೆ ಒಂದೇ ಅಂಕ.

ಹುಟ್ಟಿನ ಕಥೆ ಉದ್ದಕ್ಕೆ ಬೇಡ. ನಿಯಮ ಹೀಗೇಕೆ ಅಂತ ಗೊತ್ತಾಗಲು ಬೇಕಾದಷ್ಟು ಹೇಳುತ್ತೇನೆ. 1902ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಶಾಲಾ ಮೇಷ್ಟ್ರು ನಿಕೊ ಬ್ರೂಕ್‌ಹಾಯ್ಸನ್ ಇದನ್ನು ರೂಪಿಸಿದರು. ಸ್ವೀಡನ್ನಿನ ನ್ಯಾಸ್ ಎಂಬಲ್ಲಿಗೆ ತರಬೇತಿಗೆ ಹೋದಾಗ ಕಂಬಕ್ಕೆ ಬಳೆ ಕಟ್ಟಿ ಆಡುವ ರಿಂಗ್‌ಬೋಲ್ ಎಂಬ ಆಟ ನೋಡಿದ್ದರು. ಬಳೆ ತೆಗೆದು ಬುಟ್ಟಿ ಇಟ್ಟರು. ಹುಡುಗ ಹುಡುಗಿಯರು ಸಮವಾಗಿ ಆಡಬೇಕು ಅನ್ನುವುದೇ ಅವರ ಉದ್ದೇಶ. ಚೆಂಡು ಹಿಡಿದು ಓಡಬಾರದು, ಮೈಗೆ ಮೈ ತಾಗಿಸಬಾರದು, ಹುಡುಗ ಹುಡುಗಿಯನ್ನು ತಡೆಯಬಾರದು ಅನ್ನುವ ನಿಯಮಗಳೆಲ್ಲ ಇದೇ ಉದ್ದೇಶದಿಂದ ಬಂದವು. ಇವುಗಳಲ್ಲಿ ಒಂದನ್ನು "ಮಕ್ಕಳಿಗೆ ಕಷ್ಟ" ಅಂತ ಸಡಿಲ ಬಿಟ್ಟರೂ ಆಟದ ಬುಡವೇ ಅಲುಗುತ್ತದೆ.

## ಹಂತ 1: ಜನ ಸೇರಿಸುವುದು

ಪೂರ್ಣ ಆಟಕ್ಕೆ 16 ಜನ ಬೇಕು. ಅಷ್ಟು ಜನಕ್ಕೆ ಕಾಯುತ್ತಾ ಕೂರಬೇಡಿ. ಒಂದೇ ಕಂಬ, ಒಂದೇ ವಲಯ, ಎರಡೂ ಕಡೆ ನಾಲ್ಕು ನಾಲ್ಕು ಜನ ಇದ್ದರೆ ಅಭ್ಯಾಸ ನಡೆಯುತ್ತದೆ. ಅಂದರೆ 4 ಹುಡುಗರು, 4 ಹುಡುಗಿಯರು ಸಿಕ್ಕಿದರೆ ಶುರು ಮಾಡಬಹುದು. 5 ಹುಡುಗರು 3 ಹುಡುಗಿಯರು ಬಂದರೆ ಅವರನ್ನೇ ಇಟ್ಟುಕೊಂಡು ಆಡಿಸಬೇಡಿ. ಒಬ್ಬ ಹುಡುಗನಿಗೆ ಸೀಟಿ, ಒಬ್ಬ ಹುಡುಗಿಗೆ ಅಂಕ ಬರೆಯುವ ಕೆಲಸ ಕೊಡಿ. ಎರಡೂ ಕಡೆ ಇಬ್ಬರು ಹುಡುಗರು, ಒಬ್ಬ ಹುಡುಗಿಯಂತೆ ಮೂರು ಮೂರು ಜನರ ಅಭ್ಯಾಸ ಮಾಡಿಸಿ. ಲೆಕ್ಕ ತಪ್ಪಿದ ದಿನ ಹುಡುಗ ಹುಡುಗಿಯನ್ನು ತಡೆಯುವ ಅಭ್ಯಾಸ ಶುರುವಾಗುತ್ತದೆ. ಅದನ್ನು ಮತ್ತೆ ಬಿಡಿಸುವುದು ಬಲು ಕಷ್ಟ.

ಕೊಡಗಿನಲ್ಲಿ ಒಂದು ಅನುಕೂಲ ಇದೆ. 1997ರಿಂದ ನಡೆಯುತ್ತಿರುವ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಒಕ್ಕದ (ಕುಟುಂಬದ) ತಂಡದೊಳಗೆ ಹೆಣ್ಣುಮಕ್ಕಳೂ ಸ್ಟಿಕ್ ಹಿಡಿದು ಇಳಿಯುವುದನ್ನು ಜನ ನೋಡಿದ್ದಾರೆ. ಹಾಗಾಗಿ "ಹುಡುಗರ ಜೊತೆ ಯಾಕೆ?" ಅನ್ನುವ ಪ್ರಶ್ನೆ ಇಲ್ಲಿ ಕಡಿಮೆ. ಆದರೂ ಪೋಷಕರಿಗೆ ಮೊದಲೇ ಹೇಳಿ. ಮೈಗೆ ಮೈ ತಾಗಿಸುವುದು ಈ ಆಟದಲ್ಲಿ ತಪ್ಪು ಅನ್ನುವುದನ್ನು ಸ್ಪಷ್ಟವಾಗಿ ತಿಳಿಸಿ. ಅಭ್ಯಾಸದ ಹೊತ್ತಿಗೆ ಒಬ್ಬ ಟೀಚರ್ ಅಥವಾ ಮಕ್ಕಳಿಗೆ ಗೊತ್ತಿರುವ ಅಕ್ಕ ಒಬ್ಬರು ಮೈದಾನದಲ್ಲಿರಲಿ.

ಯಾರನ್ನು ಮೊದಲು ಕರೆಯಬೇಕು? ಥ್ರೋಬಾಲ್ ಆಡುವ ಹುಡುಗಿಯರನ್ನು. ಚೆಂಡು ಹಿಡಿದು ನಿಂತು ಎಸೆಯುವುದು ಅವರ ಕೈಗೆ ಆಗಲೇ ಕೂತಿರುತ್ತದೆ. ಹಾಕಿ ಆಡುವವರಿಗೆ ಎದುರಾಳಿಯನ್ನು ಬಿಡದೆ ಹಿಂಬಾಲಿಸುವುದು, ಚೆಂಡಿಲ್ಲದಾಗ ಜಾಗ ಹುಡುಕಿ ಓಡುವುದು ಚೆನ್ನಾಗಿ ಗೊತ್ತು. ಇವರಿಬ್ಬರನ್ನು ಬೆರೆಸಿದರೆ ಅರ್ಧ ತಂಡ ಸಿದ್ಧ. ಬ್ಯಾಸ್ಕೆಟ್‌ಬಾಲ್ ಆಡಿದವರನ್ನೂ ಸೇರಿಸಿಕೊಳ್ಳಿ. ಆದರೆ ಅವರಿಗೆ ಹಂತ 5 ಮತ್ತು ಹಂತ 7ರಲ್ಲಿ ಜಾಸ್ತಿ ಹೊತ್ತು ಬೇಕಾಗುತ್ತದೆ.

## ಹಂತ 2: ಜಾಗ ಮತ್ತು ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಮೈದಾನದಲ್ಲಿ ಶುರು ಮಾಡುವ ಯೋಚನೆ ಬಿಡಿ. ಕೆಸರು ಗದ್ದೆ ಓಟ, ಹಗ್ಗಜಗ್ಗಾಟ ಆ ಕಾಲಕ್ಕೆ ಸರಿ. ಕೋರ್ಫ್‌ಬಾಲ್‌ನಲ್ಲಿ ಒಂದು ಕಾಲು ಊರಿ ಮೈ ತಿರುಗಿಸಬೇಕು. ಜಾರುವ ನೆಲದಲ್ಲಿ ಮಂಡಿ ತಿರುಚಿಕೊಳ್ಳುತ್ತದೆ.

ಅಕ್ಟೋಬರ್ ನಡುವಿನಿಂದ ನೆಲ ಗಟ್ಟಿಯಾಗುತ್ತದೆ. ಶಾಲೆಯ ತಂಡಕ್ಕೆ ಅದೇ ಒಳ್ಳೆಯ ಕಾಲ. ತೋಟದ ಕಾರ್ಮಿಕರ ಲೈನ್‌ಮನೆ ಮಕ್ಕಳನ್ನು, ಊರಿನ ಯುವಕ ಸಂಘದವರನ್ನು ಸೇರಿಸುವುದಾದರೆ ಕಾಫಿ ಕುಯ್ಲು ಮುಗಿಯಲಿ. ಕುಯ್ಲಿನ ತಿಂಗಳುಗಳಲ್ಲಿ ಸಂಜೆ ಯಾರಿಗೂ ಬಿಡುವಿರುವುದಿಲ್ಲ. ಏಪ್ರಿಲ್, ಮೇ ರಜೆಯಲ್ಲಿ ಜನ ಸಿಗುತ್ತಾರೆ, ಆದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ. ಆ ತಿಂಗಳಲ್ಲಿ ಬೆಳಿಗ್ಗೆಯೇ ಆಡಿಸಿ.

40 ಮೀಟರ್ ಸಮತಟ್ಟಾದ ಜಾಗ ನಮ್ಮಲ್ಲಿ ಎಲ್ಲರಿಗೂ ಸಿಗುವುದಿಲ್ಲ, ಗೊತ್ತು. ಅಳತೆ ಇಳಿಸಬಹುದು, ಅನುಪಾತ ಕೆಡಿಸಬೇಡಿ. ಉದ್ದ ಅಗಲದ ಎರಡರಷ್ಟು ಇರಲಿ. 30ಕ್ಕೆ 15 ಆದರೂ ಸರಿ, 24ಕ್ಕೆ 12 ಆದರೂ ಸರಿ. ಇಳಿಜಾರು ಇದ್ದರೆ ಅಂಗಣದ ಉದ್ದವನ್ನು ಇಳಿಜಾರಿಗೆ ಅಡ್ಡವಾಗಿ ಹಾಕಿ. ಆಗ ಎರಡೂ ವಲಯಕ್ಕೆ ಒಂದೇ ಥರದ ನೆಲ ಸಿಗುತ್ತದೆ.

ಕಾಫಿ ಒಣಗಿಸುವ ಸಿಮೆಂಟ್ ಕಣ ಖಾಲಿ ಇದ್ದಾಗ ಪಾಸ್ ಅಭ್ಯಾಸಕ್ಕೆ ಬಹಳ ಒಳ್ಳೆಯದು. ಪೂರ್ಣ ಪಂದ್ಯಕ್ಕೆ ಬೇಡ. ಅಂಚಿನ ಕಟ್ಟೆಗೆ ಕಾಲು ತಾಗಿ ಬೀಳುತ್ತಾರೆ. ಮಳೆಗಾಲಕ್ಕೆ ಕಲ್ಯಾಣ ಮಂಟಪದ ಹಾಲ್ ಕೇಳುವ ಮುನ್ನ ನೆಲ ನೋಡಿ. ನುಣುಪಾದ ಟೈಲ್ಸ್ ಇದ್ದರೆ ಬಿಟ್ಟುಬಿಡಿ. ಚಾವಣಿಯೂ ಎತ್ತರ ಇರಬೇಕು, ಚೆಂಡು ಬುಟ್ಟಿಗಿಂತ ಸಾಕಷ್ಟು ಮೇಲೇರಿ ಬೀಳಬೇಕಲ್ವಾ.

## ಹಂತ 3: ಬುಟ್ಟಿ, ಕಂಬ, ಚೆಂಡು

ಬೇಕಾದ ಸಾಮಾನು:

- ತಳವಿಲ್ಲದ ಎರಡು ಬುಟ್ಟಿ
- ಎರಡು ಜಿಐ ಪೈಪು, ಒಂದೊಂದೂ 4.1 ಮೀಟರ್ (ಚಿಕ್ಕ ಮಕ್ಕಳ ತಂಡಕ್ಕೆ ಇದಕ್ಕಿಂತ ಕಡಿಮೆ, ಹಂತ 4 ನೋಡಿ)
- ಐದನೇ ನಂಬರಿನ ಎರಡು ಚೆಂಡು
- 50 ಮೀಟರ್ ಟೇಪು, ದಾರ, ಗೂಟ, ಸುಣ್ಣದ ಪುಡಿ
- ಸೀಟಿ, ಎರಡು ಬಣ್ಣದ ಬನಿಯನ್ ಅಥವಾ ಪಟ್ಟಿ

ಬುಟ್ಟಿಯೇ ಮೊದಲು. ಅದು ಕೈಗೆ ಬರಲು ಹೊತ್ತು ಹಿಡಿಯುತ್ತದೆ. ನಿಯಮದ ಪ್ರಕಾರ ಎತ್ತರ 25 ಸೆಂ.ಮೀ., ಒಳವ್ಯಾಸ 39ರಿಂದ 41 ಸೆಂ.ಮೀ. ಈಗ ದೊಡ್ಡ ಪಂದ್ಯಗಳಲ್ಲಿ ಹಳದಿ ಪ್ಲಾಸ್ಟಿಕ್ ಬುಟ್ಟಿ ಬಳಸುತ್ತಾರೆ. ಹಿಂದೆ ಬೆತ್ತದ್ದೇ ಇತ್ತು. ನಮ್ಮಲ್ಲಿ ಬಿದಿರಿನ ಕೆಲಸ ಮಾಡುವ ಮೇದರು ಇದ್ದಾರೆ, ಅವರ ಹತ್ತಿರ ಹೆಣೆಸಿ. ಸಂತೆಯಲ್ಲಿ ಸಿಗುವ ಬುಟ್ಟಿಯ ತಳ ಕತ್ತರಿಸಿ ತರಬೇಡಿ. ಅದು ಕೆಳಗೆ ಕಿರಿದಾಗುತ್ತಾ ಹೋಗುತ್ತದೆ, ಚೆಂಡು ಸಿಕ್ಕಿಹಾಕಿಕೊಳ್ಳುತ್ತದೆ. ಹೆಣೆಯುವವರಿಗೆ ಮೂರು ಮಾತು ಹೇಳಿ: ಮೇಲೂ ಕೆಳಗೂ ಒಂದೇ ಅಗಲ, ತಳ ಬೇಡ, ಎರಡೂ ಅಂಚು ದಪ್ಪ ಇರಲಿ. 40 ಸೆಂ.ಮೀ. ಉದ್ದದ ಒಂದು ಕಡ್ಡಿ ಕತ್ತರಿಸಿ ಕೈಗೆ ಕೊಟ್ಟುಬಿಡಿ. ಒಳಗೆ ಅದು ಅಡ್ಡಲಾಗಿ ಕೂರಬೇಕು.

ಬುಟ್ಟಿ ಬಂದ ಮೇಲೆ ವೆಲ್ಡಿಂಗ್ ಅಂಗಡಿಗೆ ಹೋಗಿ. ಮೊದಲೇ ಕಬ್ಬಿಣದ ಬಳೆ ಮಾಡಿಸಿದರೆ ಬುಟ್ಟಿ ಕೂರುವುದಿಲ್ಲ, ಇಲ್ಲವೇ ಲಡಗುಟ್ಟುತ್ತದೆ. 8 ಎಂ.ಎಂ. ಸರಳಿನಿಂದ ಬುಟ್ಟಿಯ ಹೊರಗೆ ಸರಿಯಾಗಿ ಕೂರುವ ಎರಡು ಬಳೆ ಮಾಡಿಸಿ. ಒಂದು ಮೇಲಂಚಿಗೆ, ಒಂದು ಕೆಳಗಂಚಿಗೆ. ಎರಡನ್ನೂ ಪೈಪಿಗೆ ಬೆಸುಗೆ ಹಾಕಿಸಿ. ಬುಟ್ಟಿಯನ್ನು ಕಟ್ಟುಕಂಬಿಯಿಂದ ಬಳೆಗೆ ಬಿಗಿಯಿರಿ. ಕಂಬಿಯ ತುದಿಗಳೆಲ್ಲ ಹೊರಕ್ಕೆ, ಕೆಳಕ್ಕೆ ಮಡಚಿರಲಿ. ಒಳಗೆ ಉಳಿದರೆ ಚೆಂಡು ಹರಿಯುತ್ತದೆ, ಬೆರಳೂ ಕುಯ್ಯುತ್ತದೆ.

ಪೈಪು ಒಂದೂವರೆ ಇಂಚಿನದ್ದಾಗಲಿ, ಎರಡು ಇಂಚಿನದ್ದಾಗಲಿ ಆಗುತ್ತದೆ. ಕಂಬದ ಹೊರವ್ಯಾಸ 4.5ರಿಂದ 8 ಸೆಂ.ಮೀ. ಒಳಗೆ ಇರಬೇಕು ಅನ್ನುವುದು ನಿಯಮ. ಎರಡೂ ಅದಕ್ಕೆ ಹೊಂದುತ್ತವೆ. ನಾನು ಎರಡು ಇಂಚಿನದ್ದನ್ನೇ ಹೇಳುತ್ತೇನೆ, ಅಲುಗಾಟ ಕಡಿಮೆ. ಪೈಪಿನ ತುದಿ ಬುಟ್ಟಿಯ ಅಂಚಿಗಿಂತ ಮೇಲೆ ಹೋಗಬಾರದು. ಅಡಿಕೆ ಮರದ ಕಂಬ, ಸಿಲ್ವರ್ ಓಕ್ ಮರದ ಕಂಬ ಮೊದಲ ತಿಂಗಳಿಗೆ ಸಾಕು. ಸಿಬಿರು ಇಲ್ಲದಂತೆ ಎರಡು ಮೀಟರ್ ಎತ್ತರದವರೆಗೆ ಗೋಣಿ ಸುತ್ತಿಬಿಡಿ.

ಚೆಂಡಿನ ಸುತ್ತಳತೆ 68ರಿಂದ 70.5 ಸೆಂ.ಮೀ. ಐದನೇ ನಂಬರಿನ ಫುಟ್‌ಬಾಲ್ ಇದಕ್ಕೆ ಸರಿಹೋಗುತ್ತದೆ. ಅಸಲಿ ಕೋರ್ಫ್‌ಬಾಲ್ ಸ್ವಲ್ಪ ಭಾರ, ಹಿಡಿತವೂ ಒರಟು. ಕಲಿಕೆಗೆ ಅದಕ್ಕಾಗಿ ಕಾಯಬೇಕಿಲ್ಲ. ಬ್ಯಾಸ್ಕೆಟ್‌ಬಾಲ್ ಮಾತ್ರ ತರಬೇಡಿ. ಕೈಗೆ ಸಿಕ್ಕಿದ ತಕ್ಷಣ ಮಕ್ಕಳು ನೆಲಕ್ಕೆ ಬಡಿದು ಓಡುತ್ತಾರೆ.

ಎಚ್ಚರಿಕೆ: ನಾಲ್ಕು ಮೀಟರ್ ಪೈಪು ಹೊತ್ತು ತೋಟದ ದಾರಿಯಲ್ಲಿ ಬರುವಾಗ ತಲೆಯ ಮೇಲೆ ಕರೆಂಟ್ ತಂತಿ ಎಲ್ಲಿದೆ ನೋಡಿಕೊಳ್ಳಿ. ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜೀವ ಹೋದ ಸುದ್ದಿ ಕರಿಮೆಣಸು ಕುಯ್ಯುವ ಕಾಲದಲ್ಲಿ ನಮಗೆ ಹೊಸತಲ್ಲ. ಪೈಪನ್ನು ಇಬ್ಬರು ಅಡ್ಡಲಾಗಿ ಹೊರಬೇಕು. ತಂತಿ ಹಾದುಹೋಗುವ ಮೈದಾನದಲ್ಲಿ ಕಂಬ ನೆಡಲೇಬೇಡಿ.

## ಹಂತ 4: ಗೆರೆ ಮೊದಲು, ಗುಂಡಿ ಆಮೇಲೆ

ಕಣ್ಣಂದಾಜಿಗೆ ಕಂಬ ನೆಟ್ಟು ಅದರ ಸುತ್ತ ಅಂಗಣ ಬರೆಯುವವರೇ ಜಾಸ್ತಿ. ಆಗ ಕಂಬ ಕೊನೆಗೆರೆಗೆ ಅಂಟಿಕೊಂಡು ಕೂರುತ್ತದೆ.

ಮೂಲೆ ನೇರ ಬರಲು ಒಂದು ಬದಿಗೆ 3 ಮೀಟರ್, ಇನ್ನೊಂದಕ್ಕೆ 4 ಮೀಟರ್ ಗುರುತು ಹಾಕಿ. ಎರಡು ಗುರುತುಗಳ ನಡುವೆ 5 ಮೀಟರ್ ಬಂದರೆ ಮೂಲೆ ಸರಿ. ನಾಲ್ಕೂ ಮೂಲೆ ಆದ ಮೇಲೆ ಕರ್ಣ ಅಳೆಯಿರಿ. 40ಕ್ಕೆ 20ರ ಅಂಗಣದಲ್ಲಿ ಎರಡೂ ಕರ್ಣ 44.72 ಮೀಟರ್ ಇರಬೇಕು.

ಕಂಬದ ಜಾಗ: ಅಂಗಣದ ಒಟ್ಟು ಉದ್ದದ ಆರನೇ ಒಂದು ಭಾಗದಷ್ಟು ಕೊನೆಗೆರೆಯಿಂದ ಒಳಕ್ಕೆ, ಅಗಲದ ಸರಿ ನಡುವೆ. 40 ಮೀಟರಿಗೆ 6.67 ಮೀಟರ್, 30ಕ್ಕೆ 5, 24ಕ್ಕೆ 4. ಕಂಬದ ಹಿಂದೆ ಇಷ್ಟು ಜಾಗ ಬಿಡುವುದು ಸುಮ್ನೆ ಅಲ್ಲ. ಅಲ್ಲಿಂದಲೂ ಆಡಬೇಕು, ಅಲ್ಲಿಂದಲೂ ಬುಟ್ಟಿಗೆ ಹಾಕಬೇಕು. ಕಂಬದಿಂದ ನಡುಗೆರೆಯ ಕಡೆಗೆ 2.5 ಮೀಟರ್ ದೂರದಲ್ಲಿ ಪೆನಾಲ್ಟಿ ಗುರುತು ಹಾಕಿ.

ಈಗ ಗುಂಡಿ. 60 ಸೆಂ.ಮೀ. ಆಳ ಬೇಕು, ಅಂದರೆ ಎರಡು ಅಡಿ. ಕಾಫಿ ಗಿಡ ನೆಡುವ ಗುಂಡಿಗಿಂತ ಅರ್ಧ ಅಡಿ ಹೆಚ್ಚು. ಅಗಲ ಮಾತ್ರ ಕಿರಿದಾಗಿರಲಿ. ಬುಟ್ಟಿ ನಡುಗೆರೆಯ ಕಡೆಗೆ ಮುಖ ಮಾಡಿರಬೇಕು. ಕಲ್ಲು ಜಡಿದು, ಮಣ್ಣು ಹಾಕಿ, ನೀರು ಬಿಟ್ಟು ಗಟ್ಟಿಸಿ. ಮೇಲಂಚಿನ ಎತ್ತರವನ್ನು ಕೊನೆಗೆ ಟೇಪಿನಿಂದ ಅಳೆಯಿರಿ. ಹತ್ತು ವರ್ಷದೊಳಗಿನ ಮಕ್ಕಳಿದ್ದರೆ 2.5 ಮೀಟರ್, ಅದಕ್ಕಿಂತ ಸ್ವಲ್ಪ ದೊಡ್ಡವರಿಗೆ 3 ಮೀಟರ್ ಮಾಡಿ. 3.5 ಮೀಟರಿಗೆ ಚಿಕ್ಕವರ ಕೈಲಿ ಆಗುವುದಿಲ್ಲ, ಬೇಸರಪಟ್ಟು ಬಿಟ್ಟುಬಿಡುತ್ತಾರೆ.

ಒಂದು ಮಾತು ನೆನಪಿರಲಿ. ಇಲ್ಲಿ ಗೆರೆಗೆ ತಾಗಿದ ಚೆಂಡು ಹೊರಗೆ ಹೋದ ಹಾಗೆ. ಫುಟ್‌ಬಾಲ್, ವಾಲಿಬಾಲ್ ಆಡಿದವರು ಇದರ ಮೇಲೆ ಜಗಳ ತೆಗೆಯುತ್ತಾರೆ. ಮೊದಲ ದಿನವೇ ಹೇಳಿಬಿಡಿ.

## ಹಂತ 5: ಕಾಲು

ಬುಟ್ಟಿ ಕಣ್ಣೆದುರಿಗೆ ಇದ್ದರೂ ಮುಟ್ಟಬೇಡಿ. ಕಡಿಮೆ ಅಂದರೂ ಮೊದಲ ಮೂರು ಅಭ್ಯಾಸ ಕಾಲಿಗೇ ಇರಲಿ.

ನಿಯಮ ಸರಳ. ನಿಂತಾಗ ಚೆಂಡು ಸಿಕ್ಕಿದರೆ ಒಂದು ಕಾಲು ಊರಿದಲ್ಲೇ ಇರಬೇಕು, ಇನ್ನೊಂದನ್ನು ತಿರುಗಿಸಬಹುದು. ಓಡುವಾಗ ಸಿಕ್ಕಿದರೆ ಮೂರನೇ ಹೆಜ್ಜೆ ನೆಲ ಮುಟ್ಟುವ ಮುನ್ನ ಚೆಂಡು ಕೈ ಬಿಟ್ಟಿರಬೇಕು, ಇಲ್ಲವೇ ನಿಂತುಬಿಡಬೇಕು. ನೆಲಕ್ಕೆ ಬಡಿಯುತ್ತಾ ಓಡುವುದಿಲ್ಲ. ತಾನೇ ಮುಂದಕ್ಕೆ ಎಸೆದು ತಾನೇ ಹಿಡಿಯುವುದೂ ಇಲ್ಲ. ಗೆಳೆಯನ ಕೈಗೆ ಚೆಂಡು ಇಡುವುದೂ ತಪ್ಪು, ಎಸೆಯಲೇಬೇಕು. ಎದುರಾಳಿ ಕೈಯಲ್ಲಿರುವ ಚೆಂಡನ್ನು ಬಡಿದು ಬೀಳಿಸುವಂತಿಲ್ಲ, ಕಿತ್ತುಕೊಳ್ಳುವಂತಿಲ್ಲ. ಗುದ್ದುವುದು, ಒದೆಯುವುದು ಕೂಡ ಇಲ್ಲ.

ಅಭ್ಯಾಸ ಹೀಗೆ ಮಾಡಿಸಿ:

1. ನಾಲ್ವರು ಆರು ಮೀಟರ್ ದೂರ ದೂರ ಚೌಕವಾಗಿ ನಿಲ್ಲಲಿ. ಹಿಡಿಯುವುದು, ಕಾಲು ಊರುವುದು, ತಿರುಗುವುದು, ಎಸೆಯುವುದು. ನಡೆಯುವ ವೇಗದಲ್ಲಿ.
2. ಎಸೆದವರು ತಮ್ಮ ಚೆಂಡಿನ ಹಿಂದೆಯೇ ಓಡಿ ಆ ಜಾಗಕ್ಕೆ ಹೋಗಲಿ. ಈಗ ಎಲ್ಲರೂ ಓಡುತ್ತಾ ಹಿಡಿಯುತ್ತಾರೆ.
3. ನಡುವೆ ಒಬ್ಬರು ತಡೆಯಲು ಬರಲಿ. ಚೆಂಡು ಗಾಳಿಯಲ್ಲಿದ್ದಾಗ ಮಾತ್ರ ಹಿಡಿಯಬಹುದು.

ಪ್ರತಿ ತಪ್ಪು ಹೆಜ್ಜೆಗೂ "ಕಾಲು!" ಅಂತ ಕೂಗಿ ಚೆಂಡು ಇನ್ನೊಬ್ಬರಿಗೆ ಕೊಡಿ. ಭಾಷಣ ಬೇಡ.

ಎಚ್ಚರಿಕೆಯ ಗುರುತು: ಚೆಂಡು ಸಿಕ್ಕಿದವರು ಮೊದಲು ನೆಲ ನೋಡುತ್ತಿದ್ದರೆ ಈ ಹಂತ ಮುಗಿದಿಲ್ಲ. ಹಾಕಿ ಆಡಿದವರಲ್ಲಿ ಇದು ಜಾಸ್ತಿ, ಅವರ ಕಣ್ಣು ಕೆಳಗೇ ಹೋಗುತ್ತದೆ. ತಲೆ ಎತ್ತಿ ಯಾರಿಗೆ ಕೊಡಬೇಕು ಅಂತ ಹುಡುಕಲು ಶುರು ಮಾಡಿದಾಗ ಮುಂದಿನ ಹಂತಕ್ಕೆ ಹೋಗಿ.

## ಹಂತ 6: ಜೋಡಿ

ಈ ಆಟದ ಜೀವ ಇಲ್ಲಿದೆ. ಹುಡುಗ ಹುಡುಗನನ್ನು ಕಾಯುತ್ತಾನೆ, ಹುಡುಗಿ ಹುಡುಗಿಯನ್ನು ಕಾಯುತ್ತಾಳೆ. ಎಸೆಯುತ್ತಿರುವ ಹುಡುಗಿಗೆ ಹುಡುಗ ಕೈ ಅಡ್ಡ ಹಿಡಿದರೆ ತಪ್ಪು. ಹುಡುಗಿ ಹುಡುಗನಿಗೆ ಅಡ್ಡ ಹಿಡಿದರೂ ತಪ್ಪೇ. ಒಬ್ಬರ ಮೇಲೆ ಇಬ್ಬರು ಮುಗಿಬೀಳುವುದೂ ತಪ್ಪು. ಆದರೆ ಗಾಳಿಯಲ್ಲಿ ಬರುತ್ತಿರುವ ಪಾಸನ್ನು ಯಾರು ಬೇಕಾದರೂ ಹಾರಿ ಹಿಡಿಯಬಹುದು. ಹೊಸಬರು ಇದನ್ನು ಮರೆತು ಹುಡುಗಿ ಎಸೆದ ಚೆಂಡನ್ನು ಮುಟ್ಟಲೇಬಾರದು ಅಂದುಕೊಳ್ಳುತ್ತಾರೆ. ಅದು ಹಾಗಲ್ಲ. ಎಸೆಯುವವರಿಗೆ ಅಡ್ಡಿ ಮಾಡುವುದು ತಪ್ಪು, ಕೈ ಬಿಟ್ಟ ಚೆಂಡು ಎಲ್ಲರದ್ದು.

ಆಟ ಶುರುವಾಗುವ ಮುನ್ನ ಪ್ರತಿಯೊಬ್ಬರೂ ತಮ್ಮ ಜೋಡಿಯ ಹೆಸರು ಜೋರಾಗಿ ಹೇಳಲಿ. ಎತ್ತರ, ವೇಗ ನೋಡಿ ಜೋಡಿ ಮಾಡಿ. ಆಮೇಲೆ ಬುಟ್ಟಿ ಇಲ್ಲದೆ ಆಡಿಸಿ: ಒಂದು ವಲಯದಲ್ಲಿ ನಾಲ್ಕಕ್ಕೆ ನಾಲ್ಕು, ಎಡವಟ್ಟಿಲ್ಲದೆ ಎಂಟು ಪಾಸ್ ಆದರೆ ಒಂದು ಅಂಕ. ಅದರಲ್ಲಿ ಎರಡು ಪಾಸಾದರೂ ಹುಡುಗನಿಂದ ಹುಡುಗಿಗೆ, ಎರಡಾದರೂ ಹುಡುಗಿಯಿಂದ ಹುಡುಗನಿಗೆ ಹೋಗಿರಬೇಕು. ಇದು ಪಂದ್ಯದ ನಿಯಮ ಅಲ್ಲ, ಅಭ್ಯಾಸಕ್ಕೆ ಮಾತ್ರ. ಆದರೆ ಇದನ್ನು ಇಡದಿದ್ದರೆ ಚೆಂಡು ಹುಡುಗರ ಮಧ್ಯೆಯೇ ಓಡಾಡುತ್ತದೆ. ನಾನು ಕಂಡ ಮಟ್ಟಿಗೆ, ಹುಡುಗಿಯರು ಆಟ ಬಿಡುವುದು ಸೋತಿದ್ದಕ್ಕಲ್ಲ, ಚೆಂಡು ಸಿಗದಿದ್ದಕ್ಕೆ.

ಗೊಂದಲವಾದಾಗ ನೀವು ಕೂಗಬೇಕಾದ್ದು "ನಿನ್ನ ಜೋಡಿ ಎಲ್ಲಿ?" ಅಂತ ಮಾತ್ರ. ಚೆಂಡಿನ ಹಿಂದೆ ಎಲ್ಲರೂ ಓಡುತ್ತಿದ್ದರೆ, ಒಂದು ಜೋಡಿಯ ನಡುವೆ ಮೂರು ಮೀಟರಿಗಿಂತ ಜಾಸ್ತಿ ಅಂತರ ಬಿದ್ದಿದ್ದರೆ ಆಟ ನಿಲ್ಲಿಸಿ, ಜೋಡಿಗಳನ್ನು ಮತ್ತೆ ಸೇರಿಸಿ.

## ಹಂತ 7: ಡಿಫೆಂಡೆಡ್

ಬೇರೆ ಯಾವ ಚೆಂಡಾಟ ಆಡಿದವರಿಗೂ ತಲೆಗೆ ಹೋಗದ ನಿಯಮ ಇದು. ನಿಮ್ಮ ಜೋಡಿ ನಿಮ್ಮನ್ನು ಸರಿಯಾಗಿ ಕಾಯುತ್ತಿದ್ದರೆ ನೀವು ಬುಟ್ಟಿಗೆ ಎಸೆಯುವುದೇ ತಪ್ಪು. ಚೆಂಡು ಒಳಗೆ ಬಿದ್ದರೂ ಗೋಲಿಲ್ಲ. ಚೆಂಡು ಎದುರು ತಂಡಕ್ಕೆ ಹೋಗುತ್ತದೆ.

"ಸರಿಯಾಗಿ ಕಾಯುವುದು" ಅಂದರೆ ಈ ಎಲ್ಲವೂ ಒಂದೇ ಕ್ಷಣದಲ್ಲಿ ಇರಬೇಕು:

- ಕಾಯುವವರು ಎಸೆಯುವವರಿಗಿಂತ ಕಂಬಕ್ಕೆ ಹತ್ತಿರ ಇದ್ದಾರೆ
- ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ ಇದ್ದಾರೆ
- ಮುಖ ಎಸೆಯುವವರ ಕಡೆಗೆ ಇದೆ
- ಕೈ ಎತ್ತಿ ಚೆಂಡನ್ನು ತಡೆಯಲು ನಿಜವಾಗಿ ಪ್ರಯತ್ನಿಸುತ್ತಿದ್ದಾರೆ

ಒಂದು ತಪ್ಪಿದರೂ ಎಸೆತ ಸರಿ. ಬೆನ್ನು ತಿರುಗಿಸಿದ್ದರೆ ಎಸೆಯಬಹುದು. ಕೈ ಕೆಳಗಿದ್ದರೆ ಎಸೆಯಬಹುದು. ಒಂದು ಹೆಜ್ಜೆ ಹಿಂದೆ ಬಿದ್ದಿದ್ದರೆ ಎಸೆಯಬಹುದು.

ಹಾಗಾಗಿ ಅಟ್ಯಾಕ್ ಮಾಡುವವರ ಕೆಲಸ ಎತ್ತರಕ್ಕೆ ಹಾರುವುದಲ್ಲ, ಜೋಡಿಯಿಂದ ಬಿಡಿಸಿಕೊಳ್ಳುವುದು. ಮುಂದಕ್ಕೆ ಎರಡು ಹೆಜ್ಜೆ ಓಡಿ ತಟ್ಟನೆ ಹಿಂದಕ್ಕೆ ಬನ್ನಿ, ಒಂದು ತೋಳಿನಷ್ಟು ಅಂತರ ಸಿಗುತ್ತದೆ. ಅಥವಾ ಜೋಡಿಯನ್ನು ದಾಟಿ ಕಂಬದ ಕಡೆಗೆ ಓಡಿ, ಓಟದಲ್ಲೇ ಚೆಂಡು ತೆಗೆದುಕೊಂಡು ಕೆಳಗಿನಿಂದ ಎಸೆಯಿರಿ. ಕುಳ್ಳಗಿನವರೂ ಗೋಲು ಹಾಕುವುದು ಹೀಗೆಯೇ.

ಇಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿತವರು ಒಂದು ತಪ್ಪು ಮಾಡುತ್ತಾರೆ. ಗೆಳೆಯನ ಪಕ್ಕದಿಂದ ತೀರಾ ಒತ್ತಿಕೊಂಡು ಓಡಿ, ಹಿಂದೆ ಬರುವ ಜೋಡಿ ಆ ಗೆಳೆಯನಿಗೆ ಢಿಕ್ಕಿ ಹೊಡೆಯುವ ಹಾಗೆ ಮಾಡುತ್ತಾರೆ. ಅಲ್ಲಿ ಅದು ಜಾಣತನ. ಇಲ್ಲಿ ಆ ಓಟದಿಂದ ಬಂದ ಎಸೆತ ತಪ್ಪು, ಇದನ್ನು ಕಟಿಂಗ್ ಅನ್ನುತ್ತಾರೆ.

ಈ ಹಂತವನ್ನು ಮೊದಲು ಚೆಂಡಿಲ್ಲದೆ ಮಾಡಿಸಿ. ಇಬ್ಬರು ಎದುರುಬದುರು, ಒಬ್ಬರು ಬಿಡಿಸಿಕೊಳ್ಳಲಿ, ಇನ್ನೊಬ್ಬರು ಕಾಯಲಿ. ನೀವು ಯಾವುದಾದರೂ ಕ್ಷಣ ಸೀಟಿ ಊದಿ. ಎಲ್ಲರೂ ಇದ್ದಲ್ಲೇ ನಿಲ್ಲಬೇಕು. "ಈಗ ಎಸೆಯಬಹುದಾ?" ಅಂತ ಕೇಳಿ. ಸುತ್ತ ಕೂತ ಮಕ್ಕಳೇ ಉತ್ತರ ಹೇಳಲಿ. ದಿನಕ್ಕೆ ಹತ್ತು ನಿಮಿಷದಂತೆ ಎರಡು ವಾರ ಮಾಡಿದರೆ ನಿಮಗೆ ರೆಫರಿಗಳೂ ತಯಾರಾಗುತ್ತಾರೆ.

## ಹಂತ 8: ಬುಟ್ಟಿಗೆ ಎಸೆತ

ಈಗ ಬುಟ್ಟಿ ಮುಟ್ಟಿ. ಎರಡೂ ಕೈ ಚೆಂಡಿನ ಅಕ್ಕಪಕ್ಕ, ಸ್ವಲ್ಪ ಕೆಳಗೆ. ಮಂಡಿ ಬಾಗಿಸಿ, ಬಲ ಕಾಲಿನಿಂದ ಬರಲಿ. ಚೆಂಡು ಎತ್ತರಕ್ಕೆ ಹೋಗಿ ಮೇಲಿನಿಂದ ಬುಟ್ಟಿಗೆ ಇಳಿಯಬೇಕು. ಹಿಂದೆ ಹಲಗೆ ಇಲ್ಲದ್ದರಿಂದ ಚಪ್ಪಟೆ ಎಸೆತ ಅಂಚಿಗೆ ಬಡಿದು ಆಚೆ ಹೋಗುತ್ತದೆ. 2 ಮೀಟರಿನಿಂದ ಶುರು ಮಾಡಿ ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಕಂಬದ ಹಿಂದಿನಿಂದಲೂ ಅಷ್ಟೇ ಎಸೆತ ಮಾಡಿಸಿ.

ನಾಲ್ವರಲ್ಲಿ ಒಬ್ಬರು ಕಂಬದ ಹತ್ತಿರ ನಿಂತು ಚೆಂಡು ಹಂಚಲಿ, ಮೂವರು ಸುತ್ತ ಓಡಾಡಲಿ. ಎಸೆತ ತಪ್ಪಿದಾಗ ರೀಬೌಂಡ್ (ಪುಟಿದು ಬರುವ ಚೆಂಡು) ಹಿಡಿಯಲು ಒಬ್ಬರು ಒಳಗೆ ಬರಬೇಕು. ಕಂಬದ ಬಳಿಯ ಕೆಲಸ ಯಾವಾಗಲೂ ಎತ್ತರದ ಹುಡುಗನಿಗೇ ಕೊಡಬೇಡಿ, ಸರದಿಯಲ್ಲಿ ಎಲ್ಲರೂ ಮಾಡಲಿ.

ರೀಬೌಂಡ್‌ನಲ್ಲೇ ಪೆಟ್ಟು ಜಾಸ್ತಿ. ಗಾಜಿನ ಬಳೆ, ಉಂಗುರ, ಸರ, ಜುಮುಕಿ ಎಲ್ಲ ಬಿಚ್ಚಿಸಿ. ಉಗುರು ಕತ್ತರಿಸಿರಲಿ. ಬರಿಗಾಲು, ಚಪ್ಪಲಿ ಬೇಡ, ಶೂ ಹಾಕಿಸಿ. ಬೆರಳು ಊದಿಕೊಂಡು ಮಡಚಲು ಆಗದಿದ್ದರೆ, ಮಂಡಿಯಲ್ಲಿ "ಟಕ್" ಅಂದು ಕಾಲು ಊರಲು ಆಗದಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

## ಹಂತ 9: ಎರಡು ವಲಯ ಮತ್ತು ಬದಲಿ

ಇಲ್ಲಿಯವರೆಗೆ ಒಂದೇ ಕಂಬ ಸಾಕಿತ್ತು. ಈಗ ಎರಡನೆಯದು. ಡಿಫೆನ್ಸ್ ವಲಯದಲ್ಲಿ ಚೆಂಡು ಗೆದ್ದವರು ಅದನ್ನು ನಡುಗೆರೆಯಾಚೆ ಇರುವ ತಮ್ಮ ಅಟ್ಯಾಕ್‌ನವರಿಗೆ ಎಸೆಯಬೇಕು. ತಾವು ದಾಟುವಂತಿಲ್ಲ. ಗೆರೆ ತುಳಿದರೂ ತಪ್ಪು. ಡಿಫೆನ್ಸ್ ವಲಯದಿಂದ ನೇರವಾಗಿ ಬುಟ್ಟಿಗೆ ಹಾಕಿದರೆ ಗೋಲಿಲ್ಲ.

ಬದಲಿಯ ಲೆಕ್ಕ ಎರಡೂ ತಂಡದ ಗೋಲು ಕೂಡಿಸಿ. 1-1 ಆದರೂ ಬದಲಿ, 2-0 ಆದರೂ ಬದಲಿ. ಒಟ್ಟು ಗೋಲು 2, 4, 6 ಆದಾಗೆಲ್ಲ ಅಂಕ ಬರೆಯುವವರು "ಬದಲಿ!" ಅಂತ ಕೂಗಲಿ. ಗೋಲು ಬಿಟ್ಟುಕೊಟ್ಟ ತಂಡ ನಡುವಿನಿಂದ ಮತ್ತೆ ಆಟ ಶುರು ಮಾಡುತ್ತದೆ. ಬದಲಿ ಆದಾಗ ಜೋಡಿಯೂ ಬದಲಾಗಬಹುದು, ಮತ್ತೊಮ್ಮೆ ಕೈ ತೋರಿಸಿ ಜೋಡಿ ಖಾತ್ರಿ ಮಾಡಿಕೊಳ್ಳಲಿ.

ಅರ್ಧ ಆಟ ಆದಾಗ ತಂಡಗಳು ಬುಟ್ಟಿ ಬದಲಿಸುತ್ತವೆ. ಆದರೆ ಅಟ್ಯಾಕ್‌ನವರು ಅಟ್ಯಾಕ್‌ನಲ್ಲೇ, ಡಿಫೆನ್ಸ್‌ನವರು ಡಿಫೆನ್ಸ್‌ನಲ್ಲೇ ಉಳಿಯುತ್ತಾರೆ. ಇಲ್ಲಿ ಎಲ್ಲರಿಗೂ ಗಲಿಬಿಲಿ ಆಗುತ್ತದೆ. ಒಂದು ಚೀಟಿಯಲ್ಲಿ ಯಾರು ಎಲ್ಲಿ ಇದ್ದರು ಅಂತ ಬರೆದಿಡಿ.

## ಹಂತ 10: ರೆಫರಿ ಮತ್ತು ಮೊದಲ ಪಂದ್ಯ

ದೊಡ್ಡ ಮಟ್ಟದಲ್ಲಿ 10 ನಿಮಿಷದ ನಾಲ್ಕು ಭಾಗ ಆಡುತ್ತಾರೆ, ಅಟ್ಯಾಕ್‌ಗೆ 25 ಸೆಕೆಂಡ್ ಮಿತಿ ಇರುತ್ತದೆ. ನಿಮ್ಮ ಮೊದಲ ಪಂದ್ಯಕ್ಕೆ 15 ನಿಮಿಷದ ಎರಡು ಅರ್ಧ ಸಾಕು, ಸೆಕೆಂಡ್ ಎಣಿಸುವುದು ಬೇಡ. ಆಟಗಾರರನ್ನು ಬದಲಿಸುವಾಗ ಹುಡುಗನ ಜಾಗಕ್ಕೆ ಹುಡುಗ, ಹುಡುಗಿಯ ಜಾಗಕ್ಕೆ ಹುಡುಗಿ.

ಸಣ್ಣ ತಪ್ಪಿಗೆ ತಪ್ಪಾದ ಜಾಗದಿಂದಲೇ ಎದುರು ತಂಡ ಆಟ ಮುಂದುವರಿಸುತ್ತದೆ. ಅಟ್ಯಾಕ್ ಮಾಡುವವರಿಗೆ ಗಟ್ಟಿಯಾಗಿ ಅಡ್ಡಿಪಡಿಸಿದರೆ ಪೆನಾಲ್ಟಿ ಗುರುತಿನ ಬಳಿಯಿಂದ ಫ್ರೀ ಪಾಸ್. ಆಗ ಎದುರಾಳಿಗಳು 2.5 ಮೀಟರ್ ದೂರ ನಿಲ್ಲಬೇಕು. ಸೀಟಿ ಊದಿದ 4 ಸೆಕೆಂಡಿನೊಳಗೆ ಚೆಂಡು ಆಡಬೇಕು, ನೇರವಾಗಿ ಬುಟ್ಟಿಗೆ ಹಾಕುವಂತಿಲ್ಲ. ಗೋಲಾಗುವ ಅವಕಾಶವನ್ನೇ ತಪ್ಪಿಸಿದರೆ ಪೆನಾಲ್ಟಿ. ಅದನ್ನು ಒಬ್ಬರೇ, ಯಾರ ಅಡ್ಡಿಯೂ ಇಲ್ಲದೆ 2.5 ಮೀಟರಿನಿಂದ ನೇರ ಬುಟ್ಟಿಗೆ ಎಸೆಯುತ್ತಾರೆ.

ಮೊದಲ ಪಂದ್ಯದಲ್ಲಿ ರೆಫರಿ ಎಲ್ಲ ತಪ್ಪನ್ನೂ ಹಿಡಿಯಲು ಹೋದರೆ ಆಟ ಓಡುವುದಿಲ್ಲ. ಮೂರನ್ನು ಮಾತ್ರ ಬಿಡಬೇಡಿ: ಚೆಂಡು ಹಿಡಿದು ಓಡುವುದು, ಹುಡುಗ ಹುಡುಗಿ ಪರಸ್ಪರ ಅಡ್ಡಗಟ್ಟುವುದು, ಡಿಫೆಂಡೆಡ್ ಎಸೆತ. ರೆಫರಿ ಬದಿಯಲ್ಲಿ ನಿಲ್ಲದೆ ಆಟದ ಜೊತೆ ಓಡಲಿ. ತೋಳಿನಷ್ಟು ದೂರ ಇದೆಯೇ ಇಲ್ಲವೇ ಅನ್ನುವುದು ಪಕ್ಕದಿಂದ ನೋಡಿದರೆ ಮಾತ್ರ ತಿಳಿಯುತ್ತದೆ.

ಗುಡುಗು ಕೇಳಿಸಿದರೆ ಅಂಕ ಎಷ್ಟೇ ಇರಲಿ, ಆಟ ನಿಲ್ಲಿಸಿ ಎಲ್ಲರನ್ನೂ ಕಟ್ಟಡದೊಳಗೆ ಕಳುಹಿಸಿ. ಬಯಲಿನಲ್ಲಿ ನಿಂತ ಕಬ್ಬಿಣದ ಕಂಬದ ಹತ್ತಿರ ಒಬ್ಬರೂ ಇರಬಾರದು. ಪಂದ್ಯ ಮುಗಿದ ದಿನ ಬಿದಿರಿನ ಬುಟ್ಟಿಯನ್ನು ಬಿಚ್ಚಿ ಒಳಗೆ ಇಡಿ, ಒಂದು ಮಳೆಗೆ ನೆನೆದರೆ ಆಕಾರ ಕೆಡುತ್ತದೆ. ಮೇ ಕೊನೆಗೆ ಪೈಪು ಕಿತ್ತು, ತುಕ್ಕು ಉಜ್ಜಿ, ಬಣ್ಣ ಬಳಿದು ಒಳಗಿಡಿ. ಗುಂಡಿಯನ್ನು ತೆರೆದು ಬಿಡಬೇಡಿ, ಮುಚ್ಚಿ ಕಲ್ಲಿನ ಗುರುತು ಇಡಿ. ಅಕ್ಟೋಬರಿನಲ್ಲಿ ಮತ್ತೆ ಅಳೆಯುವ ಕೆಲಸ ಇರುವುದಿಲ್ಲ.